ಹುಳುಮನೆಯ ಮಳೆ

ತಾನು ಸದ್ದು ಮಾಡದೆ ಬದುಕುತ್ತಿದ್ದೇನೆ ಎಂದು ಪ್ರತಿಯೊಬ್ಬ ಮನುಷ್ಯನೂ ನಂಬಿಕೊಂಡಿರುತ್ತಾನೆ. ಗೊರಕೆ ಹೊಡೆಯುವವರು ಯಾವಾಗಲೂ ಪಕ್ಕದಲ್ಲಿ ಮಲಗಿದವರು. ಸಾರನ್ನು ಸೊರ್ ಎಂದು ಎಳೆಯುವವರು ಎದುರು ಪಂಕ್ತಿಯವರು. ಬಸ್ಸಿನಲ್ಲಿ ಫೋನು ಹಿಡಿದು ಊರಿಗೆಲ್ಲ ಕೇಳುವ ಹಾಗೆ ಮಾತಾಡುವವರು ಹಿಂದಿನ ಸೀಟಿನವರು. ನಾನೂ ಹಾಗೆಯೇ ನಂಬಿಕೊಂಡಿದ್ದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಾನಿರುವ ಕಡೆ ಒಂದು ಬಗೆಯ ಶಾಂತಿ ನೆಲೆಸುತ್ತದೆ ಎಂದೂ ಭಾವಿಸಿದ್ದೆ. ಆ ಭಾವನೆ ಈಗ ಉಳಿದಿಲ್ಲ. ಅದು ಹೋದ ಬಗೆಯನ್ನು ನಿಧಾನವಾಗಿ, ಕ್ರಮವಾಗಿ ಹೇಳುತ್ತೇನೆ. ಆತುರಪಡಿಸಬೇಡಿ. ಕಂಡದ್ದನ್ನು ಮಾತ್ರ ಹೇಳುತ್ತೇನೆ, ಕೇಳಿದ್ದನ್ನು ಮಾತ್ರ ಹೇಳುತ್ತೇನೆ. ಊಹೆ ಮಾಡಿದ ಕಡೆ ಊಹೆ ಎಂದೇ ಹೇಳುತ್ತೇನೆ.

ಇದು ವೃತ್ತಿಯಿಂದ ಬಂದ ಅಭ್ಯಾಸ. ನಾನು ಸರ್ವೆ ಕೆಲಸದಲ್ಲಿ ಮಾಗಡಿ ಸುತ್ತಿನ ಹೊಲಗಳನ್ನು ಅಳೆದು ನಿವೃತ್ತನಾದವನು. ಅಣ್ಣತಮ್ಮಂದಿರು ಬದುವಿನ ಮೇಲೆ ನಿಂತು ಜಗಳವಾಡುವಾಗ ಕಲ್ಲು ಎಲ್ಲಿದೆಯೋ ಅಲ್ಲಿದೆ ಎಂದು ಬರೆಯುವುದು ನನ್ನ ಕೆಲಸವಾಗಿತ್ತು. ಕಲ್ಲು ಎಲ್ಲಿರಬೇಕಿತ್ತು ಎಂಬುದು ಬೇರೆಯವರ ಕೆಲಸ. ಹೀಗೆ ಅಳೆಯುತ್ತ ಅಳೆಯುತ್ತ ಒಂದು ದಿನ ಹಾರ ಹಾಕಿಸಿಕೊಂಡು ತಿಪ್ಪಸಂದ್ರದ ಹತ್ತಿರವಿರುವ ನಮ್ಮ ಮನೆಗೆ ಬಂದು ಕುಳಿತೆ. ಕುಳಿತೆ ಎನ್ನುವುದು ಪೂರ್ತಿ ಸರಿಯಲ್ಲ. ಓಡಾಡತೊಡಗಿದೆ ಎನ್ನಬೇಕು. ನಮ್ಮ ಮನೆಯ ಹಿಂದೆ ರೇಷ್ಮೆ ಹುಳುಮನೆ ಇದೆ. ನಾನು ಊರೂರು ಸುತ್ತುತ್ತಿದ್ದ ಕಾಲದಲ್ಲಿ ಅದನ್ನು ನಡೆಸಿದವಳು ನನ್ನ ಹೆಂಡತಿ ಜಯಮ್ಮ. ಹುಳು ತರುವುದು, ಹಿಪ್ಪುನೇರಳೆ ಸೊಪ್ಪು ಕೊಯ್ಯಿಸುವುದು, ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಕಳಿಸುವುದು, ಎಲ್ಲ ಅವಳದೇ. ಈಗ ನಾನು ಮನೆಯಲ್ಲಿದ್ದೇನಲ್ಲ, ನೆರವಾಗೋಣ ಎಂದುಕೊಂಡೆ. ಮೊದಲ ಕೆಲಸವಾಗಿ ದಾರ ಹಿಡಿದು ನೋಡಿದೆ. ಹುಳುವಿನ ಸ್ಟ್ಯಾಂಡುಗಳು ಒಂದೇ ಸಾಲಿನಲ್ಲಿರಲಿಲ್ಲ. ಸರಿಮಾಡಿಸಿದೆ. ಸೊಪ್ಪಿನ ಕಡ್ಡಿಗಳನ್ನು ಅಡ್ಡಾದಿಡ್ಡಿ ಎಸೆಯದೆ ಒಂದಕ್ಕೊಂದು ಸಮನಾಗಿ ಹಾಸಿದರೆ ಚೆನ್ನ ಎಂದು ಸಲಹೆ ಕೊಟ್ಟೆ.

"ಹುಳಕ್ಕೆ ನಕ್ಸೆ ಬೇಕಾಗಿಲ್ಲ ಕಣ್ರೀ, ಸೊಪ್ಪು ಬೇಕು. ಒಸಿ ಅತ್ಲಾಗಿ ನಿಂತ್ಕೊಳ್ರಿ" ಎಂದಳು ಜಯಮ್ಮ.

ನಾನು ಅತ್ತ ನಿಂತೆ. ಅತ್ತ ನಿಂತರೆ ಗಾಳಿ ಅಡ್ಡವಾಗುತ್ತದೆ ಎಂದಳು. ಇತ್ತ ನಿಂತೆ.

ಇಂಥ ದಿನಗಳಲ್ಲಿ ಸಹನಾ ಬಂದಳು. ಸಹನಾ ಜಯಮ್ಮನ ಅಕ್ಕನ ಮಗಳು, ಚನ್ನಪಟ್ಟಣದವಳು. ಅವಳು ಸಂಗೀತ ಮಾಡುತ್ತಾಳೆ ಎಂದು ಕೇಳಿದ್ದೆ. ಮದುವೆ ಮನೆಯ ವಾಲಗವಲ್ಲ, ವೇದಿಕೆಯ ಕಛೇರಿಯಲ್ಲ, ಫೋನಿನಲ್ಲಿ ಆಡುವ ಆಟಕ್ಕೆ ಹಿನ್ನೆಲೆ ಸಂಗೀತ. ಆಟಕ್ಕೆ ಸಂಗೀತ ಯಾಕೆ ಎಂದು ನನಗೆ ಹೊಳೆದಿರಲಿಲ್ಲ. ನಾವು ಚೌಕಾಬಾರ ಆಡುವಾಗ ಯಾರೂ ಓಲಗ ಊದಿದ್ದಿಲ್ಲ. ಆಟದ ಹೆಸರನ್ನು ಇಲ್ಲಿ ಹೇಳುವಂತಿಲ್ಲ, ಅವಳ ಕಂಪನಿಯ ನಿಯಮ. ಆದರೆ ಬಲು ಜನಪ್ರಿಯ ಆಟ. ನಾವು ಮಾಗಡಿಗೆ ಹೋಗುವ ಬಸ್ಸಿನಲ್ಲಿ ಕಾಲೇಜು ಮಕ್ಕಳು ಆಡುತ್ತಾರೆ, ಕಂಡಕ್ಟರ್ ಆಡುತ್ತಾನೆ, ನಾವು ಹೆಸರು ಕೇಳಿರದ ದೇಶಗಳಲ್ಲೂ ಆಡುತ್ತಾರಂತೆ. ಅದರಲ್ಲಿ ಗುಂಡು ಹಾರಿಸುವುದಿಲ್ಲ, ಕಾರು ಓಡಿಸುವುದಿಲ್ಲ. ನಿಮಗೊಂದು ಬರಿದಾದ ಕಣಿವೆ ಕೊಡುತ್ತಾರೆ. ಅಲ್ಲಿ ನೀವು ಗಿಡ ನೆಡಬೇಕು, ಗುಡಿಸಲು ಕಟ್ಟಬೇಕು, ಬೇಸರವಾದರೆ ಮರದ ಕೆಳಗೆ ಸುಮ್ಮನೆ ಕೂರಬೇಕು. ಕೂತಾಗ ಸಂಗೀತ ಬರುತ್ತದೆ.

ಸಹನಾ ನನ್ನ ಕಿವಿಗೆ ದಪ್ಪನೆಯ ಹೆಡ್‌ಫೋನ್ ಹಾಕಿ ಕೇಳಿಸಿದಳು. ಪಿಯಾನೋದ ಒಂದೇ ಒಂದು ಸ್ವರ ಬಂತು. ಆಮೇಲೆ ಏನೂ ಇಲ್ಲ. ನಾನು ಫೋನು ಕೆಟ್ಟಿತೆಂದು ಅಲ್ಲಾಡಿಸಿದೆ. "ಚಿಕ್ಕಪ್ಪ, ಕಾಯಿರಿ" ಎಂದಳು. ಕಾದೆ. ಎಲ್ಲೋ ದೂರದಲ್ಲಿ ಮರದ ಬಳೆಗಳು ಒಂದಕ್ಕೊಂದು ತಾಗಿದಂಥ ಸದ್ದು. ಅದರ ಹಿಂದೆ ಯಾವುದೋ ದೊಡ್ಡ ಪ್ರಾಣಿ ನಿದ್ದೆಯಲ್ಲಿ ಗುನುಗುವಂಥ ಸದ್ದು. ಮತ್ತೆ ಆ ಸ್ವರ. ಇಷ್ಟೇ. ಆದರೆ ನೋಡಿ, ನನ್ನ ಭುಜಗಳು ತಾವಾಗಿಯೇ ಕೆಳಗಿಳಿದವು. ಅವು ಮೇಲೆ ಏರಿಕೊಂಡಿದ್ದವು ಎಂಬುದೇ ನನಗೆ ಆವರೆಗೆ ತಿಳಿದಿರಲಿಲ್ಲ.

ಆ ಬಳೆಗಳ ಸದ್ದು ಏನೆಂದು ಕೇಳಿದೆ. ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆ, ಮಕ್ಕಳು ಕೋಲಿಗೆ ಪೋಣಿಸುವ ಮರದ ಉಂಗುರಗಳು! ಆಟದಲ್ಲಿ ನಕ್ಷತ್ರ ಮೂಡಿದಾಗಲೆಲ್ಲ ಅದೇ ಸದ್ದು ಬರುತ್ತದಂತೆ. ಮತ್ತೆ ಆ ಗುನುಗುವ ಪ್ರಾಣಿ? ಅದು ರಾಮನಗರದ ನೂಲು ಬಿಚ್ಚಾಣಿಕೆ ಯಂತ್ರ. ಸಹನಾಳ ಜೊತೆ ಸಂಗೀತ ಮಾಡುವ ಇರ್ಫಾನ್ ಎಂಬ ಹುಡುಗನ ಚಿಕ್ಕಪ್ಪನಿಗೆ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಘಟಕವಿದೆ. ಅಲ್ಲಿಯ ಯಂತ್ರದ ಸದ್ದನ್ನು ಹಿಡಿದು, ಎಳೆದು ಎಳೆದು ನಿಧಾನ ಮಾಡಿದ್ದಾನೆ. ನಮ್ಮ ಸುತ್ತಲಿನ ಗಲಾಟೆಯನ್ನೇ ಸೋಸಿ ಲೋಕಕ್ಕೆಲ್ಲ ಶಾಂತಿ ಎಂದು ಹಂಚುತ್ತಿದ್ದಾರೆ ಈ ಇಬ್ಬರು! ನನಗೆ ಎದೆ ಉಬ್ಬಿತು. ಜೀವನವೆಲ್ಲ ನೆಲ ಅಳೆದ ನನಗೆ ಹೀಗೆ ಸದ್ದು ಅಳೆಯುವವರೂ ಇದ್ದಾರೆಂದು ಯಾರೂ ಹೇಳಿರಲಿಲ್ಲ.

ಸಹನಾ ಬಂದ ಕಾರಣ ಮಳೆ. ಆಟದಲ್ಲಿ ಹೊಸದಾಗಿ ಮಳೆಗಾಲ ಬರಲಿದೆ. ಮಳೆಯ ಸಂಗೀತ ಇವರಿಬ್ಬರ ಪಾಲಿಗೆ ಬಂದಿದೆ. ಕಳಿಸಿದ ಮಳೆಯನ್ನೆಲ್ಲ ಮೇಲಿನವರು ವಾಪಸು ಕಳಿಸಿದ್ದಾರೆ. ಎಲ್ಲ ಮಳೆಯೂ ಒಂದೇ ಥರ ಇದೆ, ಯಾರೂ ಕೇಳಿರದ ಮಳೆ ಬೇಕು, ಇನ್ನೊಮ್ಮೆ ಸರಿಬರದಿದ್ದರೆ ಮಳೆಗಾಲವನ್ನು ಬೇರೆಯವರಿಗೆ ಕೊಡುತ್ತೇವೆ ಎಂದಿದ್ದಾರೆ. ಮಳೆಗಾಲ ಕೈಬಿಟ್ಟರೆ ಮುಂದಿನ ಕಾಲಗಳೂ ಹೋದ ಹಾಗೆಯೇ ಎಂದು ಸಹನಾ ಹೇಳಿದಾಗ ಅವಳ ಮುಖ ಸಣ್ಣದಾಗಿತ್ತು.

"ಚಿಕ್ಕಮ್ಮ, ನೆನಪಿದೆಯಾ? ನಾನು ಚಿಕ್ಕವಳಿದ್ದಾಗ ಇಲ್ಲಿ ಮಲಗಿದ್ದೋಳು ಎದ್ದು, ಮಳೆ ಬಂತು ಅಂತ ಬಟ್ಟೆ ಎತ್ಕೊಂಡು ಬರೋಕೆ ಓಡಿದ್ದೆ. ಆಚೆ ಸುಡು ಬಿಸಿಲು."

ಜಯಮ್ಮ ನಕ್ಕಳು. "ಊಂ ಕಣವ್ವ. ಹುಳ ಸೊಪ್ಪು ತಿಂತಿದ್ವು."

ರೇಷ್ಮೆ ಸಾಕದವರಿಗೆ ಇದನ್ನು ಬಿಡಿಸಿ ಹೇಳಬೇಕು. ಗೂಡು ಕಟ್ಟುವ ಮೊದಲು ಕೊನೆಯ ಕೆಲವು ದಿನ ಹುಳು ತಿನ್ನುವ ತಿನ್ನಾಟ ಸಾಮಾನ್ಯದ್ದಲ್ಲ. ಸೊಪ್ಪು ಹಾಕಿ ಸ್ವಲ್ಪ ಹೊತ್ತಿಗೆ ಮನೆ ತುಂಬಿದ ಹುಳುಗಳೆಲ್ಲ ಒಟ್ಟಿಗೆ ಕಡಿಯತೊಡಗುತ್ತವೆ. ಆಗ ಹೆಂಚಿನ ಮೇಲೆ ಸೋನೆ ಮಳೆ ಹಿಡಿದ ಹಾಗೆಯೇ ಕೇಳುತ್ತದೆ. ಆ ದಿನಗಳು ಕಳೆದರೆ ಹುಳು ಹಣ್ಣಾಗುತ್ತದೆ, ಎಂದರೆ ಮೈ ಹಳದಿಗೆ ತಿರುಗಿ, ಬಾಯಿ ಮುಚ್ಚಿ, ನೂಲು ಬಿಡಲು ಜಾಗ ಹುಡುಕುತ್ತದೆ. ಆಮೇಲೆ ಸದ್ದಿಲ್ಲ. ಮುಂದಿನ ಬೆಳೆಯವರೆಗೆ ಕಾಯಲು ಸಹನಾಳಿಗೆ ಅವಕಾಶವಿರಲಿಲ್ಲ. ಸಿಕ್ಕರೆ ಈ ಬೆಳೆಯಲ್ಲಿ ಸಿಗಬೇಕು.

ಮರುದಿನ ಇರ್ಫಾನ್ ಚೀಲಗಟ್ಟಲೆ ಮೈಕು, ವೈರು ಹೊತ್ತು ಬಂದ. ಒಳ್ಳೆಯ ಹುಡುಗ. ಹುಳುಮನೆಯ ಬಾಗಿಲಿಗೆ ಬಂದವನನ್ನು ಜಯಮ್ಮ ಕೈಯಡ್ಡ ಹಿಡಿದು ನಿಲ್ಲಿಸಿ, ಮೂಗು ಅರಳಿಸಿ, "ಏನಪ್ಪಾ ಹಾಕ್ಕೊಂಡು ಬಂದಿದ್ದೀಯ?" ಎಂದಳು. ಬಾಡಿ ಸ್ಪ್ರೇ. ಹುಳುವಿಗೆ ಪರಿಮಳ ಆಗುವುದಿಲ್ಲ. ಸಹನಾಳ ಶಾಂಪೂ ಕೂಡ ಆಗಲಿಲ್ಲ. ಇಬ್ಬರನ್ನೂ ತೊಟ್ಟಿಯ ನೀರಿನಲ್ಲಿ ತಲೆಯಿಂದ ತೊಳೆಸಿ, ಅವಳಿಗೆ ತನ್ನ ಹಳೇ ಸೀರೆ, ಅವನಿಗೆ ನನ್ನ ಪಂಚೆ ಕೊಟ್ಟಳು. ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲು ಅದ್ದಿಸಿದ ಮೇಲೆಯೇ ಒಳಗೆ ಬಿಟ್ಟದ್ದು. ನನ್ನ ಪಂಚೆಯುಟ್ಟು, ಕೊರಳಿಗೆ ಹೆಡ್‌ಫೋನ್ ತೂಗುಹಾಕಿಕೊಂಡ ಇರ್ಫಾನ್ ಹುಳುಗಳನ್ನು ಕಂಡು ಬೆರಗಾದ.

"ನಾನು ಹುಳ ನೋಡ್ತಿರೋದು ಇದೇ ಫಸ್ಟು ಆಂಟಿ. ನಮ್ಮನೇಲಿ ಗೂಡು ಬೇಯಿಸೋದು ಮಾತ್ರ ಗೊತ್ತು."

"ಶ್!" ಎಂದು ಜಯಮ್ಮ ತುಟಿಯ ಮೇಲೆ ಬೆರಳಿಟ್ಟಳು. "ಬೇಯ್ಸೋ ಮಾತ ಅವುಗಳ ಮುಂದೆ ಆಡ್ಬ್ಯಾಡ ಕಣಪ್ಪಾ."

ಅಂದು ಹುಳು ಕೊನೆಯ ಜ್ವರಕ್ಕೆ ಕೂತಿದ್ದವು. ಜ್ವರ ಎಂದರೆ ಕಾಯಿಲೆಯಲ್ಲ, ಹಳೆಯ ಚರ್ಮ ಕಳಚುವ ಮೊದಲು ಹುಳು ತಲೆಯೆತ್ತಿ ಉಪವಾಸ ಕೂರುವ ಹೊತ್ತು. ಇರ್ಫಾನ್ ಕಿವಿಗೊಟ್ಟು ಕೇಳಿ, ಏನೂ ಕೇಳದೆ, "ಎಬ್ಬಿಸೋಕೆ ಆಗಲ್ವಾ?" ಎಂದು ಪಿಸುಗುಟ್ಟಿದ. ಜಯಮ್ಮ ಅವನನ್ನು ನೋಡಿದ ನೋಟ ನನಗೆ ಪರಿಚಿತವಾಗಿತ್ತು. ಆವರೆಗೆ ಅದು ನನಗೊಬ್ಬನಿಗೇ ಮೀಸಲು ಎಂದುಕೊಂಡಿದ್ದೆ.

ಜ್ವರ ಎದ್ದ ಮೇಲೆ ಹುಳು ತಿನ್ನತೊಡಗಿದವು. ಒಳ್ಳೆಯ ಭರ ಬಂದ ದಿನ ಇರ್ಫಾನ್ ನನಗೆ ಹೆಡ್‌ಫೋನ್ ಕೊಟ್ಟು ಮೈಕನ್ನು ಸೊಪ್ಪಿನ ಹತ್ತಿರ ಹಿಡಿದ. ಅಯ್ಯೋ, ಏನೆಂದು ಹೇಳಲಿ! ಮೈ ಜುಮ್ಮೆಂದಿತು. ಬರಿಗಿವಿಗೆ ಸೋನೆಯಾಗಿದ್ದದ್ದು ಹೆಡ್‌ಫೋನಿನಲ್ಲಿ ಒಂದು ಇಡೀ ಕಾಡಿನ ಮೇಲೆ ಸುರಿಯುವ ಮಳೆಯಾಗಿತ್ತು. ಒಂದೊಂದು ಹನಿಯೂ ಬೇರೆ ಬೇರೆ. ಎಡಗಿವಿಯ ಕಡೆ ಒಂದು ಹುಳು ಎಲೆಯ ನರ ಕಡಿದದ್ದು ಕೊಂಬೆ ಮುರಿದ ಹಾಗೆ ಕೇಳಿತು. ನನ್ನ ಹಿತ್ತಿಲಲ್ಲಿ ಇಷ್ಟು ವರ್ಷ ಇಷ್ಟು ದೊಡ್ಡ ಮಳೆ ಸುರಿಯುತ್ತಿತ್ತೇ? ನಾನು ತಡೆಯಲಾರದೆ, "ಜಯಾ, ಬಾ ಇಲ್ಲಿ, ಕೇಳು!" ಎಂದು ಕೂಗಿದೆ. ಹೆಡ್‌ಫೋನ್ ಹಾಕಿದವನಿಗೆ ತಾನೆಷ್ಟು ಜೋರಾಗಿ ಕೂಗುತ್ತಿದ್ದೇನೆಂದು ತಿಳಿಯುವುದಿಲ್ಲ. ಇರ್ಫಾನ್ ರೆಕಾರ್ಡಿಂಗ್ ಯಂತ್ರದ ಮುಳ್ಳನ್ನು ನೋಡಿ ಕಣ್ಣು ಮುಚ್ಚಿಕೊಂಡ. ಅದು ಮೊದಲನೇ ಪ್ರಯತ್ನ.

ಸ್ವಲ್ಪ ಹೊತ್ತಿನ ನಿಶ್ಶಬ್ದ ಬೇಕಾಗಿತ್ತು, ಅಷ್ಟೆ. ಹಳ್ಳಿ ಎಂದರೆ ನಿಶ್ಶಬ್ದ ಎಂದು ಯಾರು ಹೇಳಿದರೋ ಅವರು ಹಳ್ಳಿಯಲ್ಲಿ ಮೈಕು ಇಟ್ಟವರಲ್ಲ. ಕೋಳಿ, ಟ್ರ್ಯಾಕ್ಟರು, ಮಿಕ್ಸಿ, ಹಾಲಿನ ಗಾಡಿ, ಎಲ್ಲಕ್ಕೂ ಮಿಗಿಲಾಗಿ ಪಕ್ಕದ ತೋಟದ ಗಿರಿಯಪ್ಪನ ಮೋಟಾರು. ನಿಶ್ಶಬ್ದದ ಏರ್ಪಾಡನ್ನು ನಾನು ವಹಿಸಿಕೊಂಡೆ. ಗಿರಿಯಪ್ಪ ನನ್ನ ಜೊತೆ ಓದಿದವನು. ಬದುವಿನ ಹತ್ತಿರ ನಿಂತು ಕೂಗಿದೆ.

"ಲೇ ಗಿರಿಯಾ, ಒಸಿ ಹೊತ್ತು ಮೋಟ್ರು ನಿಲ್ಸ್ಲಾ."

"ಯಾಕ್ಲಾ? ಈಗಿನ್ನೂ ಕರೆಂಟ್ ಬಂದೈತೆ."

"ಒಳಗೆ ಹುಳ ಸೊಪ್ಪು ತಿನ್ನೋದ ರೆಕಾರ್ಡ್ ಮಾಡ್ತಾವ್ರೆ."

ಗಿರಿಯಪ್ಪ ಗುದ್ದಲಿ ಕೆಳಗಿಟ್ಟ. "ರಿಟೈರಾದೋರ್ಗೆ ಹಿಂಗೆಲ್ಲಾ ಆಯ್ತದೆ ಅಂತ ಕೇಳಿದ್ದೆ ಕಣ್ಲಾ. ಜಯಕ್ಕಂಗೆ ಗೊತ್ತಾ ಇದು?"

ಮೋಟಾರು ನಿಲ್ಲಿಸಿದ, ಅದು ಅವನ ದೊಡ್ಡತನ. ಆದರೆ ಏಕೆ ನಿಲ್ಲಿಸಿದೆ ಎಂದು ದಾರಿಯಲ್ಲಿ ಕಂಡವರಿಗೆಲ್ಲ ಹೇಳಿಕೊಂಡು ಬಂದ. ಸದ್ದು ಮಾಡಬಾರದು ಎಂದರೆ ನಮ್ಮ ಕಡೆ ಜನ ಸದ್ದು ಮಾಡುವುದಿಲ್ಲ. ಆದರೆ ಸದ್ದು ಮಾಡಬಾರದ ಅಂಥದ್ದು ಏನು ನಡೆಯುತ್ತಿದೆ ಎಂದು ನೋಡಲು ಬರುತ್ತಾರೆ. ಹಿತ್ತಿಲಲ್ಲಿ ಒಂದು ಸಣ್ಣ ಸಭೆಯೇ ಸೇರಿತು. ಎಲ್ಲರೂ ಕಷ್ಟಪಟ್ಟು ಸುಮ್ಮನಿದ್ದರು. ಆ ಗಂಭೀರವಾದ ಮೌನದಲ್ಲಿ ಯಾರೋ ಕಡಲೆಕಾಯಿ ಸುಲಿದರು. ಹೆಡ್‌ಫೋನಿನಲ್ಲಿ ಅದು ಗುಡುಗಿನ ಹಾಗೆ ಕೇಳಿತೆಂದು ಸಹನಾ ಆಮೇಲೆ ಹೇಳಿದಳು. ಗುಡುಗು ಚೆನ್ನಾಗಿತ್ತಂತೆ, ಆದರೆ ಅದರ ಹಿಂದೆಯೇ "ನಂಗೂ ಒಂದ್ ಕೊಡ್ಲಾ" ಎಂಬ ಮಾತಿತ್ತಂತೆ.

ಜನರನ್ನು ಕಳಿಸಿ ಮತ್ತೆ ಮೈಕು ಹೂಡಿದಾಗ ಇರ್ಫಾನ್ ಒಂದು ತಪ್ಪು ಮಾಡಿದ. ಅವನಿಗೆ ತಿಳಿಯದು, ಪಾಪ. ಹೆಡ್‌ಫೋನ್ ತೆಗೆದು, ಖುಷಿಯಿಂದ, "ಆಂಟಿ, ಎಷ್ಟೊಂದು ಹುಳ! ಏನ್ ಸೂಪರ್ ಆಗಿ ತಿಂತಾ ಇವೆ!" ಎಂದುಬಿಟ್ಟ. ಹುಳುಮನೆಯಲ್ಲಿ ಹುಳುವನ್ನು ಹೊಗಳುವಂತಿಲ್ಲ. ಬೆಳೆ ಎಷ್ಟೇ ಸೊಂಪಾಗಿದ್ದರೂ "ಏನೋ ಐತೆ" ಎನ್ನಬೇಕು. ಜಯಮ್ಮನ ಮುಖ ಬಿಳುಪಾಯಿತು. ಉಪ್ಪು, ಒಣಮೆಣಸಿನಕಾಯಿ ತಂದು ಹುಳುವಿಗೂ ಇರ್ಫಾನನಿಗೂ ಮೈಕಿಗೂ ಒಟ್ಟಾಗಿ ನಿವಾಳಿಸಿ, ಹುಳುಮನೆಯ ಕಿಟಕಿಗಳಿಗೆಲ್ಲ ಪರದೆ ಇಳಿಸಿ, ಅವನ್ನು ದೂರದ ಬಚ್ಚಲ ಒಲೆಗೆ ಹಾಕಿದಳು. ದೃಷ್ಟಿ ತಾಗಿದ್ದರೆ ಮೆಣಸಿನಕಾಯಿ ಘಾಟು ಬರುವುದಿಲ್ಲ, ತಾಗಿಲ್ಲದಿದ್ದರೆ ಬರುತ್ತದೆ ಎಂಬುದು ನಮ್ಮಲ್ಲಿನ ಲೆಕ್ಕ. ಇರ್ಫಾನನ ಕಣ್ಣು ಎಷ್ಟು ಒಳ್ಳೆಯದಿತ್ತೆಂದರೆ ಅಂಥ ಘಾಟನ್ನು ನಾನು ಜೀವಮಾನದಲ್ಲಿ ಕಂಡಿಲ್ಲ. ಗಾಳಿ ತಿರುಗಿ ಘಾಟು ನೇರ ಬಾಗಿಲಲ್ಲಿ ನಿಂತ ನಮ್ಮ ಮೇಲೇ ಬಂತು. ನಾವು ಮೂವರೂ ಬಗ್ಗಿಕೊಂಡು ಕೆಮ್ಮಿದೆವು. ಹುಳು ಮಾತ್ರ ಪರದೆಯ ಹಿಂದೆ ಕ್ಷೇಮವಾಗಿ ತಿನ್ನುತ್ತಿದ್ದವು. ದಾಖಲಾದದ್ದನ್ನು ಹಾಕಿ ಕೇಳಿ ಇರ್ಫಾನ್ ಕಣ್ಣೊರೆಸಿಕೊಳ್ಳುತ್ತ, "ಯುದ್ಧದ ಸೀನ್ ಏನಾದ್ರೂ ಬಂದ್ರೆ ಇಟ್ಕೊಳ್ಳೋಣ" ಎಂದ.

ಮುಂದಿನ ಪ್ರಯತ್ನಗಳು ಕೆಟ್ಟದ್ದು ನನ್ನಿಂದ. ಇದನ್ನು ಮರೆಮಾಚುವುದಿಲ್ಲ. ನಾನು ಬಾಗಿಲಲ್ಲಿ ನಿಂತು ಯಾರೂ ಬರದಂತೆ ಕಾಯುತ್ತಿದ್ದೆ. ಒಮ್ಮೆ ಕೂತೆ, ಮಂಡಿ ಲಟಕ್ಕೆಂದಿತು. ಒಮ್ಮೆ ಎದ್ದೆ, ಇನ್ನೊಂದು ಮಂಡಿ. ಒಮ್ಮೆ ಜೇಬಿನ ಬೀಗದ ಕೈಗೊಂಚಲು. ಒಮ್ಮೆ ಎಲ್ಲವೂ ಸರಿಯಾಗಿ ನಡೆಯುತ್ತಿದ್ದಾಗ, ಇನ್ನು ಯಾರೂ ಮಾತಾಡದಿದ್ದರೆ ಸಾಕು ಎಂದು ನನಗೆ ತೀವ್ರವಾಗಿ ಅನ್ನಿಸಿ, "ಈಗ ಯಾರೂ ಮಾತಾಡ್ಬೇಡಿ" ಎಂದು ಹೇಳಿದೆ. ಸಹನಾ ಗೋಡೆಗೊರಗಿ ಕೂತು ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡಳು. ಅಷ್ಟರಲ್ಲಿ ಜಯಮ್ಮ ಒಂದು ಹುಳುವನ್ನು ಬೆಳಕಿಗೆ ಹಿಡಿದು ನೋಡಿ, "ಹಣ್ಣಾಗಕ್ಕೆ ಸುರುವಾಯ್ತು ಕಣವ್ವ" ಎಂದಳು. ಹುಳುವಿನ ಕುತ್ತಿಗೆ ಹಳದಿಗೆ ತಿರುಗಿತ್ತು. ಇನ್ನೊಂದು ಸಲ ಸೊಪ್ಪು ಹಾಕಬಹುದು, ಮನಸಾರೆ ತಿನ್ನುವುದು ಅದೇ ಕೊನೆ.

ಆ ಕೊನೆಯ ಸೊಪ್ಪಿಗೆ ಜಯಮ್ಮ ತಾನೇ ಯಜಮಾನಿಕೆ ವಹಿಸಿದಳು. ಸಹನಾ, ಇರ್ಫಾನ್ ಇಬ್ಬರನ್ನೂ ಉದ್ದದ ವೈರಿನ ಜೊತೆ ಆಚೆ ಸೊಪ್ಪಿನ ಕೋಣೆಯಲ್ಲಿ ಕೂರಿಸಿದಳು. ಸೊಪ್ಪು ಹರಡಲು ಒಳಗೆ ತಾನೊಬ್ಬಳೇ. ನನ್ನನ್ನು ಹಿಪ್ಪುನೇರಳೆ ತೋಟದ ಆ ತುದಿಗೆ ಕಳಿಸಿದಳು. ಗಿರಿಯಪ್ಪ ಮೋಟಾರು ಹಾಕದಂತೆ ನೋಡಿಕೊಳ್ಳಬೇಕು ಎಂಬುದು ಅವಳು ಕೊಟ್ಟ ಕಾರಣ. ಗಿರಿಯಪ್ಪ ಅಂದು ಕುದೂರಿಗೆ ಹೋಗಿದ್ದ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ನಾನು ಹೋಗಿ ನಿಂತ ಮೋಟಾರನ್ನು ಕಾದೆ. ಬಹಳ ಹೊತ್ತಿನ ಮೇಲೆ ಸಹನಾ ಸೀರೆ ಎತ್ತಿ ಕಟ್ಟಿಕೊಂಡು ಸಾಲಿನ ನಡುವೆ ಓಡಿ ಬಂದಳು. "ಸಿಕ್ತು ಚಿಕ್ಕಪ್ಪ, ಸಿಕ್ತು!" ಎಂದು ನನ್ನ ಕೈ ಹಿಡಿದು ಕುಣಿದಳು. ನಾನೂ ಕುಣಿದೆ. ಮಂಡಿ ಎಷ್ಟು ಬೇಕಾದರೂ ಸದ್ದು ಮಾಡಲಿ ಎಂದು ಕುಣಿದೆ.

ಮೇಲಿನವರು ಒಪ್ಪಿದರು. ಒಪ್ಪಿದರು ಎಂದರೆ ಸಾಲದು, ಈ ಮಳೆ ಎಲ್ಲಿ ಬಿದ್ದದ್ದು ಎಂದು ಕೇಳಿದರಂತೆ. ಆಟದಲ್ಲಿ ಮಳೆಗಾಲ ಬಂತು. ಅಷ್ಟರೊಳಗೆ ನಾನೂ ಆಟ ಕಲಿತಿದ್ದೆ. ನನ್ನ ಕಣಿವೆಯಲ್ಲಿ ಗಿಡಗಳು ಅತ್ಯಂತ ನೇರವಾದ ಸಾಲಿನಲ್ಲಿವೆ. ಮಳೆ ಬಂದ ದಿನ ಮರದ ಕೆಳಗೆ ಕೂತು ಕಿವಿಗೆ ಹೆಡ್‌ಫೋನ್ ಹಾಕಿಕೊಂಡೆ. ಮೊದಲು ಏನೂ ಇಲ್ಲ. ಆಮೇಲೆ, ಮಳೆ ಶುರುವಾಗುವ ಮೊದಲು, ಕಣಿವೆಯೆಲ್ಲ ತುಂಬುವಂತೆ ಒಂದು ಉಸಿರು. ಉದ್ದನೆಯ, ಆಳವಾದ, ಹೊತ್ತದ್ದನ್ನೆಲ್ಲ ಇಳಿಸಿದಂಥ ಒಂದು "ಉಸ್ಸ್...". ಅದರ ಹಿಂದೆ ಸೋನೆ. ಅದರ ಮೇಲೆ ಇರ್ಫಾನನ ಪಿಯಾನೋದ ಆ ಒಂಟಿ ಸ್ವರ. ನನ್ನ ಕಣ್ಣಲ್ಲಿ ನೀರು ಬಂತು.

ಆ ಉಸಿರು ಮನುಷ್ಯನದು. ತಗ್ಗಿನ ದನಿ, ಗಂಡಸಿನದು. ಹುಳುಮನೆಯ ಬಾಗಿಲಲ್ಲಿ ಕೂತೆದ್ದ ಗಂಡಸು ಯಾರು? ನಾನು. ಹಾಗಾದರೆ ನನ್ನಿಂದ ಕೆಟ್ಟಿತು ಎಂದುಕೊಂಡಿದ್ದ ಪ್ರಯತ್ನಗಳಲ್ಲಿ ಯಾವುದರಿಂದಲೋ ಈ ಉಸಿರನ್ನು ಆರಿಸಿಕೊಂಡಿದ್ದಾರೆ. ಇದು ಊಹೆ ಎಂದು ಆಗ ನನಗೆ ಅನ್ನಿಸಲಿಲ್ಲ. ಆಟವಾಡುವವರಲ್ಲಿ ಆ ಉಸಿರಿನದೇ ಮಾತು. ಅದು ಕಣಿವೆಯ ಆತ್ಮ ಎಂದು ಕೆಲವರು ಬರೆದಿದ್ದರು, ಕೆಲಸದಿಂದ ಬಂದು ಅದನ್ನೊಮ್ಮೆ ಕೇಳಿದರೆ ಸಾಕು ಎಂದು ಕೆಲವರು. ಬಸ್ಸಿನಲ್ಲಿ ಕಂಡಕ್ಟರಿಗೆ ಹೇಳಿದೆ, ಅದು ನಾನೇ. ಮಾಗಡಿಯ ಹಳೆಯ ಸಹೋದ್ಯೋಗಿಗಳಿಗೆ ಹೇಳಿದೆ. ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಉಸ್ಸೆಂದು ತೋರಿಸಿದೆ. ಜನ ಒಪ್ಪಿದರು. ಗಿರಿಯಪ್ಪ ಮಾತ್ರ, "ನೀನು ಕುಂತ್ರೆ ಮಂಡಿ ಸದ್ದು ಬತ್ತದೆ ಕಣ್ಲಾ, ಉಸ್ರು ಬರದ ನಾನು ಕಂಡಿಲ್ಲ" ಎಂದ. ಅಸೂಯೆ ಎಂದುಕೊಂಡೆ.

ಸಹನಾ, ಇರ್ಫಾನ್ ಸಿಹಿ ಹಂಚಲು ಬಂದ ದಿನ ಗಿರಿಯಪ್ಪನನ್ನು ಮನೆಗೇ ಕರೆಸಿದೆ. ಆಟದಲ್ಲಿ ತೋರಿಸುವ ಸಂಗೀತಗಾರರ ಹೆಸರುಗಳ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಾದರೂ ನನ್ನ ಹೆಸರು ಸೇರಿಸಲಾಗುವುದೇ ಎಂದು ಕೇಳುವ ಇರಾದೆಯೂ ನನಗಿತ್ತು.

"ಸಹನಾ, ನನ್ನ ಉಸಿರು ಇರುವ ಮೂಲ ದಾಖಲೆ ಹಾಕಮ್ಮ. ಇವನು ಕೇಳಲಿ."

ಸಹನಾ ಇರ್ಫಾನನ ಮುಖ ನೋಡಿದಳು. ಇರ್ಫಾನ್ ತಟ್ಟೆಯಲ್ಲಿದ್ದ ಜಹಾಂಗೀರು ನೋಡಿದ. "ಬೇಡ ಬಿಡಿ ಚಿಕ್ಕಪ್ಪ" ಎಂದಳು. ನಾನು ಬಿಡುವವನೇ? ಮೂಲ ದಾಖಲೆ ನೋಡದೆ ತೀರ್ಮಾನ ಮಾಡಬಾರದು ಎಂದು ಪಾಠ ಹೇಳಿದೆ. ಅವಳು ಹಾಕಿದಳು. ಎಲ್ಲರೂ ಕೇಳಿದೆವು.

ಮೊದಲು ಜಯಮ್ಮನ ದನಿ: "ನೀವು ಒಸಿ ತೋಟದ ಆ ತುದೀಗೆ ಹೋಗಿ ನಿಂತ್ಕೊಳ್ರಿ." ಆಮೇಲೆ ನನ್ನ ದನಿ. ಯಾವ ತುದಿ, ಮೂಡಣದ್ದೋ ಪಡುವಣದ್ದೋ ಎಂದು ಕೇಳುತ್ತಿದ್ದೇನೆ. ಚಪ್ಪಲಿಯ ಸದ್ದು, ಬಾಗಿಲು. ಚಪ್ಪಲಿ ವಾಪಸು ಬಂತು, ಬಾಗಿಲು ತೆರೆಯಿತು. "ಜಯಾ, ಆ ಮೂರನೇ ಸ್ಟ್ಯಾಂಡು ಸ್ವಲ್ಪ ವಾಲಿದೆ, ನೋಡಿಕೋ." "ಹೋಗ್ರೀ!" ಬಾಗಿಲು. ಚಪ್ಪಲಿ ದೂರವಾಯಿತು. ಬೇಲಿಯ ಗೇಟು ಕಿರ್ ಎಂದು ಮುಚ್ಚಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಹೆಂಗಸಿನ ದನಿಯಲ್ಲಿ, ಉದ್ದವಾಗಿ, ತುಂಬು ಎದೆಯಿಂದ: "ಉಸ್ಸ್...". ನಂತರ ಸೊಪ್ಪು ಹರಡಿದ ಸದ್ದು, ನಂತರ ಮಳೆ.

ಯಾರೂ ಮಾತಾಡಲಿಲ್ಲ. ಇಷ್ಟು ಒಳ್ಳೆಯ ನಿಶ್ಶಬ್ದ ರೆಕಾರ್ಡಿಂಗಿನ ದಿನ ನಮಗೆ ಸಿಕ್ಕಿರಲಿಲ್ಲ.

"ನಾನು ಅದನ್ನ ಸ್ವಲ್ಪ ಸ್ಲೋ ಮಾಡಿ ದನಿ ಇಳಿಸಿದೀನಿ ಅಂಕಲ್, ಅದಕ್ಕೇ ಗಂಡಸಿನ ಥರ..." ಎಂದು ಇರ್ಫಾನ್ ತಗ್ಗಿದ ದನಿಯಲ್ಲಿ ವಿವರಿಸಿದ.

ಕಾಫಿ ತಂದ ಜಯಮ್ಮ ಬಾಗಿಲಲ್ಲೇ ನಿಂತಿದ್ದಳು. "ಅಯ್ಯೋ, ಅದು ನಂದಾ? ಸೊಪ್ಪಿನ ಹೊರೆ ಇಳ್ಸಿ ಅಂದಿರ್ತೀನಿ ಬುಡಿ."

"ಇಲ್ಲ ಆಂಟಿ, ಸೊಪ್ಪು ಎತ್ಕೊಂಡಿದ್ದು ಆಮೇಲೆ" ಎಂದ ಇರ್ಫಾನ್. ಸಂಗೀತದ ವಿಷಯದಲ್ಲಿ ಅವನು ಬಹಳ ಖಚಿತ.

ಗಿರಿಯಪ್ಪ ಲೋಟ ಕೆಳಗಿಟ್ಟು ನನ್ನ ಭುಜ ತಟ್ಟಿದ. "ನೀನು ಸುಳ್ಳೇನೂ ಹೇಳಿಲ್ಲ ಕಣ್ಲಾ. ಉಸ್ರು ಜಯಕ್ಕಂದು, ಕಾರಣ ನಿಂದು."

ಲೋಕದ ಎಷ್ಟೋ ಊರುಗಳಲ್ಲಿ ದಣಿದು ಬಂದ ಜನ ಕಣ್ಣುಮುಚ್ಚಿ ಕೇಳುವ ಆ ಶಾಂತಿ, ನಾನು ಗೇಟು ದಾಟಿದ ಮೇಲಿನ ಶಾಂತಿ. ಇದನ್ನು ಅರಗಿಸಿಕೊಳ್ಳಲು ನನಗೆ ಸಮಯ ಹಿಡಿಯಿತು. ಸಹನಾ ನನ್ನ ಹೆಗಲ ಮೇಲೆ ಕೈಯಿಟ್ಟು, ಮುಂದೆ ಆಟದಲ್ಲಿ ಚಳಿಗಾಲ ಬರುತ್ತದೆ, ಅದೂ ಅವರಿಬ್ಬರಿಗೇ ಸಿಕ್ಕಿದೆ, ಅದಕ್ಕೂ ಚಿಕ್ಕಮ್ಮನ ಅಂಥದೇ ಒಂದು ಉಸಿರು ಬೇಕು, ಹೇಳಿ ಉಸಿರು ಬಿಡಿಸುವುದಕ್ಕೆ ಆಗುವುದಿಲ್ಲ, ತಾನಾಗಿ ಬರಬೇಕು, ಆದ್ದರಿಂದ ನನ್ನ ಸಹಕಾರ ಅಗತ್ಯ ಎಂದಳು. ನಾನು ಮಾಡಬೇಕಾದದ್ದು ಹೊರಗೆ ಹೋಗುವುದು. ಒಪ್ಪಿದೆ. ಹೊಸ ಬೆಳೆ ಬಂದಿದೆ, ಹುಳುಮನೆಯಲ್ಲಿ ಮೈಕು ಇದೆ. ದಿನವೂ ಸೊಪ್ಪಿನ ಹೊತ್ತಿಗೆ ಚಪ್ಪಲಿ ಮೆಟ್ಟಿ, ಕೇಳುವ ಹಾಗೆ ಬಾಗಿಲು ಹಾಕಿ, ಗೇಟು ಎಳೆದು ಹೋಗುತ್ತೇನೆ. ನನಗೊಂದೇ ಆಸೆ ಉಳಿದಿದೆ. ದನಿ ಇಳಿಸದ, ನಿಧಾನ ಮಾಡದ ಆ ಉಸಿರನ್ನು, ಯಂತ್ರದಿಂದಲ್ಲ, ನನ್ನದೇ ಕಿವಿಯಿಂದ ಒಮ್ಮೆ ಕೇಳಬೇಕು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ನಾನು ಅದನ್ನು ಕೇಳಿಲ್ಲ. ನಿನ್ನೆ ಗೇಟು ಮುಚ್ಚಿದ ಸದ್ದು ಮಾಡಿ, ಚಪ್ಪಲಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಮೆಲ್ಲಗೆ ವಾಪಸು ಬಂದು, ಬಾಗಿಲಿಗೆ ಕಿವಿಯಿಟ್ಟು ಉಸಿರು ಬಿಗಿಹಿಡಿದು ನಿಂತೆ. ಒಳಗೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಸ್ಪಷ್ಟವಾಗಿ, ಮೈಕಿಗೂ ಕೇಳುವ ಹಾಗೆ, ಜಯಮ್ಮನ ದನಿ ಬಂತು:

"ಇನ್ನೂ ವೋಗಿಲ್ವೇನ್ರೀ?"